ಚಂಚಿಯ ರೊಕ್ಕ, ಮುಳುಗಡೆಯ ರೊಕ್ಕ

ಬಾಗಲಕೋಟೆ ಕಡೆ ಮೊಮ್ಮಕ್ಕಳ ಕೈಗೆ ಬರುವ ರೊಕ್ಕ ಎರಡು ನಮೂನೆಯದು. ಒಂದು ಅಜ್ಜಿಯ ಎಲೆ-ಅಡಿಕೆ ಚಂಚಿಯಿಂದ ಬರುವುದು, ಇನ್ನೊಂದು ಅಜ್ಜನ ಪಾಸ್‌ಬುಕ್ಕಿನಿಂದ. ಚಂಚಿಯ ನೋಟು ನಾಲ್ಕು ಮಡಿಕೆಯದು, ಸುಣ್ಣ ಹತ್ತಿದ್ದು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಟ ಮೊಮ್ಮಗನ ಮುಷ್ಟಿಯೊಳಗೆ ಅದನ್ನು ತುರುಕಿ, “ನಾಟಕಾ ನೋಡು, ಮಿರ್ಚಿ ತಿನ್ನು, ನಿಮ್ಮಪ್ಪಗ ಹೇಳಬ್ಯಾಡ” ಎನ್ನುತ್ತಾಳೆ. ಪಾಸ್‌ಬುಕ್ಕಿನದು ಲಕ್ಷಗಳ ಲೆಕ್ಕ. ಅದು ಹೊಲ ಮುಳುಗಿ ಬಂದದ್ದು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದಾಗ ಗೋಲಿ ಆಡುತ್ತಿದ್ದ ಹುಡುಗರು ಇಂದು ಅಜ್ಜಂದಿರು. ನೀರು 519.60 ಮೀಟರಿಗೆ ನಿಂತಿತು, ಹಳೇ ಬಾಗಲಕೋಟೆಯ ಜನ ನವನಗರದ ಸೆಕ್ಟರುಗಳಿಗೆ ಬಂದರು. ಪರಿಹಾರದ ರೊಕ್ಕ ಏನಾಯಿತು ಎಂದು ಅಲ್ಲಿ ಕೇಳಿ ನೋಡಿ: ಮನೆ ಕಟ್ಟಿದ್ವಿ, ಲಗ್ನ ಮಾಡಿದ್ವಿ, ಹುಡುಗಗ ಗಾಡಿ ಕೊಡಿಸಿದ್ವಿ. ಈ ಮೂರನೆಯದನ್ನೇ ‘ಮೊಮ್ಮಗನ ಬಾಳ್ವೆಗೆ ದಾರಿ ಮಾಡಿದ್ದು’ ಎಂದು ಹೇಳಿಕೊಳ್ಳುತ್ತೇವೆ. ನನಗೆ ಒಪ್ಪಿಗೆಯಿಲ್ಲ. ಗಾಡಿ ಕೊಟ್ಟೆವು, ಪೆಟ್ರೋಲಿಗೆ ಮತ್ತೆ ಅಜ್ಜನ ಮುಂದೆಯೇ ಕೈಯೊಡ್ಡಿ ನಿಲ್ಲುವ ಹಾಗೆ ಇಟ್ಟುಕೊಂಡೆವು. ಹೆಣ್ಣು ಕೊಡುವವರಿಗೆ ತೋರಿಸಲು ಕೊಂಡ ಗಾಡಿ ಹುಡುಗನ ದುಡಿಮೆಗೆ ಹಾಕಿದ ಬಂಡವಾಳ ಹೇಗಾದೀತು?

ಹುಡುಗಿಯ ಪಾಲಿಗೆ ಬರುವುದು ಸೀರೆ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಈ ಭೇದ ಇನ್ನೂ ಢಾಳಾಗಿ ಕಾಣುತ್ತದೆ. ಸೀರೆಯ ಒಡಲಿನ ಹಾಸು ಬೇರೆ, ಟೋಪ್ ತೆನಿ ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು; ಅದು ಒಬ್ಬರಿಂದ ಆಗುವ ಕೆಲಸವಲ್ಲ. ಕಣ್ಣು ಮಬ್ಬಾಗುವವರೆಗೆ ಅಜ್ಜಿ ಕೂಡಿಸುತ್ತಾಳೆ, ಶಾಲೆ ಬಿಟ್ಟು ಬಂದ ಮೊಮ್ಮಗಳು ಕೂಡಿಸುತ್ತಾಳೆ. ಕೂಲಿ ಮಾತ್ರ ಮಗ್ಗದ ಗುಣಿಯಲ್ಲಿ ಕುಂತವನ ಹೆಸರಿಗೆ. ಆ ಹುಡುಗಿಗೆ ಲಗ್ನದಲ್ಲಿ ಒಂದು ಸೀರೆ ಉಡಿಸಿ, ಉಡಿ ತುಂಬಿ, ಕೊಟ್ಟಾಯಿತು ಎನ್ನುತ್ತೇವೆ.

ಪಿತ್ರಾರ್ಜಿತ ಹೊಲದಲ್ಲಿ ಮಗನ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ. ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದಿವೆ. ಹಾಗಿದ್ದಮೇಲೆ ಅಂಥ ಹೊಲದ ಪರಿಹಾರದಲ್ಲಿ ಅವಳ ಪಾಲು ಅಜ್ಜ ಪ್ರೀತಿಯಿಂದ ಕೊಡುವ ಕಾಣಿಕೆಯಲ್ಲ, ಬಾಕಿ. ನಾವೋ, ಬಾಕಿಯನ್ನು ಬಿಡಿಸಿಕೊಳ್ಳುವ ಉಪಾಯ ಬಲ್ಲವರು: “ಇಲ್ಲೊಂದು ಸಹಿ ಮಾಡವಾ, ತವರುಮನಿ ಉಳೀಲಿ.” ಹಕ್ಕುಬಿಡುಗಡೆ ಪತ್ರ ತಯಾರು.

ಇಂಥ ಪಾಸ್‌ಬುಕ್ಕಿನ ರೊಕ್ಕಕ್ಕಿಂತ ಚಂಚಿಯ ರೊಕ್ಕವೇ ಮೇಲು ಎಂದು ನನ್ನ ತೀರ್ಮಾನ. 2023ರ ಆಗಸ್ಟಿನಿಂದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಸೇರಿ ಆ ಚಂಚಿ ಸ್ವಲ್ಪ ದಪ್ಪಗೂ ಆಗಿದೆ. ಹುನಗುಂದದ ಎರೆಹೊಲದಲ್ಲಿ ಕಳೆ ತೆಗೆದ ಅಜ್ಜಿಗೆ ಮೊಮ್ಮಗಳ ನರ್ಸಿಂಗ್ ಫೀಯ ಕಂತು ಯಾವ ತಾರೀಖಿಗೆ ಎಂದು ಗೊತ್ತಿರುತ್ತದೆ. ಅಜ್ಜನಿಗೆ ಆಕೆ ಓದುವ ಕೋರ್ಸಿನ ಹೆಸರೂ ಗೊತ್ತಿರುವುದಿಲ್ಲ. ಸಣ್ಣ ಮೊತ್ತ, ಬೇಕಾದ ದಿನಕ್ಕೆ ಬರುತ್ತದೆ. ಹಾಗಂತ ಅಜ್ಜಿಯನ್ನು ದೇವರು ಮಾಡುವುದು ಬೇಡ. ಜಾತ್ರೆಯ ದಿನ ಅವಳ ಚಂಚಿ ಮೊದಲು ಬಿಚ್ಚುವುದೂ ಗಂಡುಹುಡುಗನಿಗೇ.

ಎಲ್ಲವನ್ನೂ ಕೊಟ್ಟು ಬರಿಗೈಯಾಗುವ ಅಜ್ಜಂದಿರದು ಇನ್ನೊಂದು ತಪ್ಪು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ವಯಸ್ಸಿಗೆ ಬಂದ ಮೊಮ್ಮಕ್ಕಳೂ ಸೇರಿದ್ದಾರೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಆದರೆ ಷರತ್ತು ಪತ್ರದಲ್ಲಿರಬೇಕು. “ನಮ್ಮ ಹುಡುಗಾ ಹಂಗಲ್ಲ” ಎಂಬುದು ಪತ್ರದಲ್ಲಿ ಬರೆಯುವ ಮಾತಲ್ಲ.

ಈಗ ಆಲಮಟ್ಟಿಯ ನೀರು 524.256 ಮೀಟರಿಗೆ ಏರಬೇಕಿದೆ. ಮುಳುಗುವ ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿದೆ. ಶೋರೂಮಿನವರು ಈ ಲೆಕ್ಕವನ್ನು ಆಗಲೇ ಹಾಕಿರುತ್ತಾರೆ. ಅಜ್ಜಂದಿರೇ, ರೊಕ್ಕ ಖಾತೆಗೆ ಬೀಳುವ ಮೊದಲು ಮೊಮ್ಮಗಳನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಅವಳ ಹೆಸರಿನಲ್ಲೊಂದು ಖಾತೆ ತೆರೆಸಿ. ಪಾಸ್‌ಬುಕ್ಕು ಅವಳ ಹತ್ತಿರವೇ ಇರಲಿ.