ಖಾಲಿ ಜಾಗವೂ ಮಾತಾಡುತ್ತದೆ

ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರ ಛಾಯಾಗ್ರಹಣದ, ಗುರುದತ್ ನಿರ್ದೇಶನದ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಸಿನೆಮಾಸ್ಕೋಪಿನಲ್ಲಿ ಕ್ಯಾಮರಾದ ಮಸೂರವು ಅಗಲವಾದ ದೃಶ್ಯವನ್ನು ಅಡ್ಡಕ್ಕೆ ಅರ್ಧದಷ್ಟು ಕುಗ್ಗಿಸಿ ಫಿಲ್ಮಿನಲ್ಲಿ ಮೂಡಿಸುತ್ತದೆ. ಪ್ರೊಜೆಕ್ಟರಿನ ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತದೆ. ಆಗ ಚಿತ್ರದ ಅಗಲ ಎತ್ತರದ ಸುಮಾರು 2.35 ಪಟ್ಟು.

ಅಷ್ಟು ಅಗಲವನ್ನು ಜನರಿಂದ, ಸೆಟ್ಟುಗಳಿಂದ ತುಂಬಿಸುವುದು ಸುಲಭ. ಮೂರ್ತಿಯವರು ಅದನ್ನು ಖಾಲಿ ಬಿಡುವ ಧೈರ್ಯ ತೋರಿದರು. ಕೈಫಿ ಆಜ್ಮಿಯವರು ಬರೆದ ಹಾಡೊಂದರಲ್ಲಿ, ಕನ್ನಡಿಗಳ ಮೂಲಕ ಒಳತಂದ ಬಿಸಿಲು ಬರಿದಾದ ಸ್ಟುಡಿಯೋದೊಳಗೆ ಕೋಲಿನಂತೆ ಇಳಿಯುತ್ತದೆ. ಗುರುದತ್ ಮತ್ತು ವಹೀದಾ ರೆಹಮಾನ್ ದೂರ ದೂರ ನಿಂತಿದ್ದಾರೆ. ಇಬ್ಬರೂ ಆಡಲಾಗದ ಮಾತನ್ನು ನಡುವಿನ ಜಾಗವೇ ಆಡುತ್ತದೆ.

ಚಿತ್ರ ಅಂದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು.

ಇಂದು ಕಿಕ್ಕೇರಿಯಂತಹ ಊರಿನ ಮನೆಯಲ್ಲೂ ಈ ಚಿತ್ರವನ್ನು ನೋಡಬಹುದು. ಆದರೆ ಟಿವಿಯ ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡೊಡನೆ ನಮ್ಮ ಕೈ ‘ಝೂಮ್’ ಗುಂಡಿಗೆ ಹೋಗುತ್ತದೆ. 16:9ರ ಪರದೆ ತುಂಬುತ್ತದೆ, ಚಿತ್ರದ ಸುಮಾರು ಕಾಲುಭಾಗ ಕತ್ತರಿಸಿ ಹೋಗುತ್ತದೆ. ಅಂಚಿನಲ್ಲಿ ನಿಂತವರು ಮೊದಲು ಮರೆಯಾಗುತ್ತಾರೆ. ಪದ್ಯದ ಸಾಲನ್ನು ಪುಟಕ್ಕೆ ಹೊಂದಲಿಲ್ಲವೆಂದು ನಾವು ಕತ್ತರಿಸುವುದಿಲ್ಲ. ಸಿನೆಮಾಕ್ಕೂ ಅಷ್ಟು ಮರ್ಯಾದೆ ಸಲ್ಲಬೇಕು.