ಮೂರು ಸೆಕೆಂಡಿನ ಸಾಣೆ

ಕೊತ್ತಗೆರೆಯಲ್ಲಿ ಚಾಕು ಮೊಂಡಾದ್ರೆ ನಮ್ಮಮ್ಮ ಬಟ್ಟೆ ಒಗೆಯೋ ಕಲ್ಲಿಗೆ ನಾಲ್ಕು ಸಲ ಮಸೆದು, ಹೆಬ್ಬೆರಳಲ್ಲಿ ಸವರಿ ನೋಡ್ತಿದ್ಲು. ಅಷ್ಟೇ. ಬೆಂಗಳೂರಿಗೆ ಬಂದ ನಾನು 'ಎಳೆದರೆ ಸಾಕು' ಅನ್ನೋ ಶಾರ್ಪನರ್ ತಗೊಂಡೆ. ಮೊದಲ ವಾರ ಟೊಮೆಟೊ ಮುಟ್ಟಿದ ಕೂಡ್ಲೇ ಸೀಳ್ತಿತ್ತು. ಮೂರು ತಿಂಗಳಿಗೆ ಅಮ್ಮ ಕೊಟ್ಟ ಚಾಕುವಿನ ಬಾಯಿ ಗರಗಸದ ಥರ ಆಗಿ, ಟೊಮೆಟೊ ಮೇಲೆ ಜಾರಿ ಬೆರಳಿಗೇ ಬಂತು.

ತಪ್ಪು ಆ ಡಿಸೈನಿನದು. ಅದರೊಳಗೆ 'ವಿ' ಆಕಾರದಲ್ಲಿ ಕೂರಿಸಿರೋ ಕಾರ್ಬೈಡ್ ತುಂಡುಗಳು ಉಕ್ಕನ್ನ ಮಸೆಯಲ್ಲ, ಹೆರೆಯುತ್ತವೆ. ಕೋನವೂ ಅವುಗಳದ್ದೇ, ನಿಮ್ಮ ಚಾಕುವಿನದ್ದಲ್ಲ. ಅಗ್ಗದ ಚಾಕುವಿಗೆ ಪರವಾಗಿಲ್ಲ, ಒಳ್ಳೆಯದಕ್ಕೆ ಬೇಡ. ಹೋನಿಂಗ್ ರಾಡ್ ಬಾಗಿದ ಅಂಚನ್ನ ನೆಟ್ಟಗೆ ಮಾಡುತ್ತೆ, ಪೂರಾ ಮೊಂಡಾಗಿದ್ದಕ್ಕೆ ಹರಿತ ಕೊಡಲ್ಲ. ಬೀದಿಯ ಸಾಣೆಚಕ್ರ ಬೇಗ ಮಸೆಯುತ್ತೆ ನಿಜ, ಆದ್ರೆ ಅಲಗು ಕಾದು ನೀಲಿಗಟ್ಟಿದ್ರೆ ಉಕ್ಕಿನ ಹದವೇ ಹೋಯ್ತು.

ಮನೆಗೆ 1000 ಗ್ರಿಟ್‌ನ ಕಲ್ಲೊಂದು ಸಾಕು. ನೀರು ಹಾಕಿ, 15ರಿಂದ 20 ಡಿಗ್ರಿ ಓರೆ ಹಿಡಿದು, ಆಚೆ ಬದಿಗೆ ಸಣ್ಣ ತರಿ ಏಳೋವರೆಗೆ ಉಜ್ಜಿ, ಆಮೇಲೆ ತಿರುಗಿಸಿ. ಮೊದಲೆರಡು ಸಲ ಕೆಡುತ್ತೆ, ಕೆಡಲಿ. ಅಮ್ಮನ ಕೈಗೂ ಆ ಓರೆ ಒಂದೇ ದಿನಕ್ಕೆ ಬಂದಿದ್ದಲ್ಲ. ನಾನು ದುಡ್ಡು ಕೊಟ್ಟು ತಪ್ಪಿಸಿಕೊಳ್ಳೋಕೆ ನೋಡಿದ್ದು ಆ ಕಲಿಯೋ ಕೆಲಸವನ್ನೇ.