ಮಾತು ಕೇಳದ ಆರೈಕೆ

ಕನ್ನಡ ಎಂ.ಎ. ತರಗತಿಯ ಭಾಷಾಂತರದ ಪಾಠಕ್ಕೆಂದು ನಾನು ಹಲವು ವರ್ಷಗಳಿಂದ ಒಂದು ಅಮೆರಿಕನ್ ಸಣ್ಣಕಥೆಯನ್ನು ಬಳಸುತ್ತ ಬಂದಿದ್ದೇನೆ. ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ ‘ದಿ ಯೆಲ್ಲೊ ವಾಲ್‌ಪೇಪರ್’. 1892ರಲ್ಲಿ ಪತ್ರಿಕೆಯೊಂದರಲ್ಲಿ ಬೆಳಕು ಕಂಡದ್ದು. ಹಳೆಯ ಬಂಗಲೆ, ಕಿಟಕಿಗೆ ಸರಳು ಹಾಕಿದ ಮಹಡಿಯ ಕೋಣೆ, ಗೋಡೆಗೆ ಅಂಟಿಸಿದ ಹಳದಿ ಕಾಗದ, ಅದರ ಚಿತ್ತಾರದ ಹಿಂದೆ ತೆವಳುವ ಒಬ್ಬ ಹೆಂಗಸು! ಇದನ್ನು ದೆವ್ವದ ಕಥೆಗಳ ಸಾಲಿಗೇ ಸೇರಿಸಿ ಪಾಠ ಹೇಳುತ್ತಿದ್ದೆ. ಹುಡುಗರಿಗೂ ರುಚಿಸುತ್ತಿತ್ತು. ಕಳೆದ ವರ್ಷ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಈಕೆ ಬಾಣಂತಿ ಅಲ್ವಾ? ಮಗು ಎಲ್ಲಿ?” ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ.

ಮನೆಗೆ ಬಂದು ಮತ್ತೆ ಓದಿದೆ. ಮಗು ಬರುವುದು ಬೆರಳೆಣಿಕೆಯ ಸಾಲುಗಳಲ್ಲಿ. ಮೇರಿ ಎಂಬಾಕೆ ಅದನ್ನು ನೋಡಿಕೊಳ್ಳುತ್ತಾಳೆ; ತಾಯಿಗೆ ಅದರ ಬಳಿ ಇರಲಾಗದು, ಇದ್ದರೆ ಜೀವ ತಳಮಳಿಸುತ್ತದೆ. ಆಕೆಯನ್ನು ಇರಿಸಿದ ಕೋಣೆಯಾದರೋ ಹಿಂದೊಮ್ಮೆ ಮಕ್ಕಳ ಕೋಣೆಯಾಗಿದ್ದಂತೆ ತೋರುತ್ತದೆ. ಈ ಹಾಳು ಕೋಣೆಯಲ್ಲಿ ನನ್ನ ಕೂಸು ಇರಬೇಕಾಗಿಲ್ಲವಲ್ಲ ಎಂದು ಆಕೆ ಒಂದೆಡೆ ಸಮಾಧಾನಪಡುತ್ತಾಳೆ. ಪ್ರೀತಿ ಇದೆ, ಹತ್ತಿರ ಹೋಗುವ ದಾರಿ ಕಾಣದು. ಲೇಖಕಿ ಈ ಸಂಕಟವನ್ನು ವಿವರಿಸಲು ಹೋಗುವುದಿಲ್ಲ. ಮಗುವನ್ನು ಕಥೆಯ ಹೊರಗಿಟ್ಟೇ ತೋರಿಸುತ್ತಾರೆ. ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದಿದ್ದುದು ಇದು.

ಗಂಡ ಜಾನ್ ಸ್ವತಃ ವೈದ್ಯ. ಅವನು ಕ್ರೂರಿಯಲ್ಲವೆಂಬುದೇ ಕಥೆಯ ಜೀವಾಳ. ಹೊತ್ತು ಹೊತ್ತಿಗೆ ಔಷಧ, ಒಳ್ಳೆಯ ಗಾಳಿ, ನಿದ್ದೆ ಎಲ್ಲವೂ ಅವನ ಲಕ್ಷ್ಯದಲ್ಲಿವೆ. ಅವಳ ಮಾತೊಂದು ಹೊರತು. ಬರೆಯಕೂಡದೆಂದು ಕಟ್ಟಪ್ಪಣೆ ಬೇರೆ. ನಾವು ಓದುತ್ತಿರುವುದು ಅವಳು ಕದ್ದು ಬರೆದದ್ದು. ಗಂಡ ಬಂದನೆಂದರೆ ಬರವಣಿಗೆ ನಿಲ್ಲುತ್ತದೆ.

ಇದು ಬರಿಯ ಕಲ್ಪನೆಯಲ್ಲ. 1885ರಲ್ಲಿ ಮಗಳು ಹುಟ್ಟಿದ ಮೇಲೆ ಗಿಲ್ಮನ್ ಅವರನ್ನು ಖಿನ್ನತೆ ಬಲವಾಗಿ ಕವಿಯಿತು. 1887ರಲ್ಲಿ ಫಿಲಡೆಲ್ಫಿಯದ ಹೆಸರಾಂತ ನರರೋಗತಜ್ಞ ವಿಯರ್ ಮಿಚೆಲ್ ಅವರಿಗೆ ‘ವಿಶ್ರಾಂತಿ ಚಿಕಿತ್ಸೆ’ ಕೊಟ್ಟರು: ಹಾಸಿಗೆ ಬಿಟ್ಟೇಳಬಾರದು, ಹಾಲು ಮೊದಲಾದ ಪುಷ್ಟಿಕರ ಆಹಾರ, ಮೈ ತಿಕ್ಕಿಸುವುದು, ಬಂಧುಬಳಗದಿಂದ ದೂರ. ಸುಮಾರು ಒಂದು ತಿಂಗಳ ಬಳಿಕ ಮನೆಗೆ ಕಳಿಸುವಾಗ, ದಿನಕ್ಕೆ 2 ಗಂಟೆಗೆ ಮೀರಿ ಬುದ್ಧಿಯ ಕೆಲಸ ಬೇಡ, ಜೀವಮಾನದಲ್ಲಿ ಲೇಖನಿ ಮುಟ್ಟಬೇಡ ಎಂದು ವಿಧಿಸಿದರೆಂದು ಅವರೇ 1913ರಲ್ಲಿ ಬರೆದಿದ್ದಾರೆ. ಮಗುವನ್ನು ಸದಾ ಜೊತೆಯಲ್ಲಿಟ್ಟುಕೊ ಎಂಬ ವಿಧಿಯೂ ಇತ್ತೆಂದು ಆತ್ಮಕಥೆ ಹೇಳುತ್ತದೆ; ಮಗುವಿಗೆ ಬಟ್ಟೆ ತೊಡಿಸುವಷ್ಟರಲ್ಲಿ ನಡುಗಿ ಅಳುವ ಸ್ಥಿತಿ ಅವರದು! ಕಥೆಯಲ್ಲಿ ಮಗು ದೂರ, ಜೀವನದಲ್ಲಿ ಮಗು ಸದಾ ಹತ್ತಿರ. ಎರಡೂ ಕಡೆ ತೀರ್ಮಾನ ಇನ್ನೊಬ್ಬರದು. ಕೆಲವು ತಿಂಗಳು ಈ ವಿಧಿಯನ್ನು ಪಾಲಿಸಿ ಬುದ್ಧಿ ಕೆಡುವ ಅಂಚಿಗೆ ಬಂದ ಅವರು ಚೇತರಿಸತೊಡಗಿದ್ದು ಅದನ್ನು ಮುರಿದ ಮೇಲೆ. ಕಥೆಯ ಪ್ರತಿಯನ್ನು ಆ ವೈದ್ಯರಿಗೆ ಕಳಿಸಿದರಂತೆ; ಉತ್ತರ ಬರಲಿಲ್ಲ.

ಪುಷ್ಟಿಯ ಊಟ, ಮೈಗೆ ಎಣ್ಣೆ, ಕತ್ತಲ ಕೋಣೆ ಎಂದರೆ ನಮ್ಮ ಬಾಣಂತನವೇ ಅಲ್ಲವೆ ಎಂದು ವಾಚಕರು ಕೇಳಬಹುದು. ಹೋಲಿಕೆ ಅರ್ಧ ಸರಿ. ನಮ್ಮ ಬಾಣಂತಿ ಒಂಟಿಯಲ್ಲ. ತವರಿದೆ, ಸಾಂಬ್ರಾಣಿ ಹೊಗೆ ಹಾಕುವ ಅಜ್ಜಿಯಿದ್ದಾಳೆ, ಮಗ್ಗುಲಲ್ಲಿ ಕೂಸಿದೆ. ಆದರೆ ಸುತ್ತ ಜನವಿದ್ದ ಮಾತ್ರಕ್ಕೆ ಕೇಳುವವರಿದ್ದಾರೆಂದಾಯಿತೆ? ನನ್ನ ಮಡದಿಯ ಮೊದಲ ಬಾಣಂತನದಲ್ಲಿ ಒಂದು ಭಾನುವಾರ ನೋಡಲು ಹೋಗಿದ್ದೆ. “ಮಗು ಅತ್ರೆ ಯಾರದೋ ಮಗು ಅತ್ತ ಹಾಗಿರತ್ತೆ ರೀ” ಎಂದಳು. “ನಿದ್ದೆಗೆಟ್ಟಿದ್ದೀಯ, ಸುಮ್ನೆ ಮಲಗು, ಎಲ್ಲ ಸರಿಹೋಗತ್ತೆ” ಎಂದು ಹೇಳಿ ಸಂಜೆಯ ಬಸ್ಸು ಹಿಡಿದೆ. ಜಾನನ ಮಾತೇ! ಅವಳು ಮತ್ತೆ ಆ ವಿಷಯ ಎತ್ತಲಿಲ್ಲ.

ಕನ್ನಡದಲ್ಲಿ ‘ಬಾಣಂತಿ ಸನ್ನಿ’ ಎಂಬ ಮಾತಿದೆ. ಅದು ಚಿತ್ತವಿಕಾರದ ಕಡುರೂಪಕ್ಕೆ. ಸಾವಿರ ಹೆರಿಗೆಗೆ ಒಂದೋ ಎರಡೋ, ತುರ್ತು ಚಿಕಿತ್ಸೆ ಬೇಕಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ನಮ್ಮಂಥ ದೇಶಗಳಲ್ಲಿ ನೂರಕ್ಕೆ ಸುಮಾರು 16 ಮಂದಿ ಬಸುರಿಯರನ್ನೂ 20 ಮಂದಿ ಬಾಣಂತಿಯರನ್ನೂ ಕಾಡುವ ಮನೋವ್ಯಾಧಿಗೆ, ಮುಖ್ಯವಾಗಿ ಖಿನ್ನತೆಗೆ, ಮನೆಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದಿದ್ದರೆ ಬೈಗುಳವೇ ಹೆಸರಾಗುತ್ತದೆ: ಸೋಮಾರಿ, ಹಟಮಾರಿ, ಎಂಥ ತಾಯಿಯೋ! ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವಿಗೆಂದೇ ಒಂದು ವಿಭಾಗವಿದೆ. ಅಲ್ಲಿ ಕೂಸಿನೊಡನೆಯೇ ತಾಯಿಗೆ ಚಿಕಿತ್ಸೆ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು 2017ರ ಕಾಯ್ದೆಯೂ ಹೇಳುತ್ತದೆ. ಅಲ್ಲಿಯವರೆಗೆ ಹೋಗಬೇಕಾದರೆ ಮೊದಲು ಮನೆಯಲ್ಲಿ ಯಾರಾದರೂ ಆ ಮಾತನ್ನು ಕೇಳಿಸಿಕೊಂಡಿರಬೇಕು.

ಕಥೆಯಲ್ಲಿ ದೋಷವಿಲ್ಲವೆಂದಲ್ಲ. ಕೊನೆಯಲ್ಲಿ ಗಂಡ ಮೂರ್ಛೆ ಬೀಳುವುದು, ಅವಳು ಅವನ ಮೇಲೆಯೇ ತೆವಳಿ ಹೋಗುವುದು ರಂಗಸ್ಥಳದ ಹುಕಿಯಿಂದ ಬಂದದ್ದು. ಈ ತೆವಳುವಿಕೆಯನ್ನೇ ಬಿಡುಗಡೆಯೆಂದು ಕೊಂಡಾಡುವ ವಿಮರ್ಶಕರಿದ್ದಾರೆ, ನಾನು ಒಪ್ಪಲಾರೆ. ಅದು ವಾಸಿಮಾಡಬಹುದಾಗಿದ್ದ ಕಾಯಿಲೆ.

ಆ ವಿದ್ಯಾರ್ಥಿನಿಯ ಅನುವಾದ ಈಗ ಮುಗಿದಿದೆ. ಮನೆಗೆ ತಂದದ್ದನ್ನು ಮಡದಿ ಅರ್ಧ ಓದಿ ಮಡಿಸಿಟ್ಟಿದ್ದಾಳೆ. ಏನನ್ನಿಸಿತು ಎಂದು ಈ ಸಲ ಕೇಳಿದೆ. “ಇರಿ, ಮುಗಿಸಿ ಹೇಳ್ತೀನಿ” ಎಂದಳು.